ಪ್ಲಂಬರ್ ವರ್ಕಿಂಗ್ ಕ್ಲಾಸ್, ನರ್ಸ್ ಮಿಡ್ಲ್ ಕ್ಲಾಸ್: ಇದು ಎಂತ ಲೆಕ್ಕ ಮಾರಾಯ್ರೆ?

ಕಲ್ಯಾಣಪುರದವ

ನನ್ನ ತಂಗಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸ್. ಫೋನ್ ಮಾಡಿದಾಗಲೆಲ್ಲ ಒಂದಲ್ಲ ಒಂದು ಕಡೆ ಈ ಕ್ಲಾಸ್ ಪುರಾಣ ಬರುತ್ತದೆ. ಅವಳ ಮನೆ ಓನರ್ ಪ್ಲಂಬರ್. ಸ್ವಂತ ವ್ಯಾನ್ ಉಂಟು, ಸ್ವಂತ ಮನೆ ಉಂಟು, ಅದಲ್ಲದೆ ಇನ್ನೊಂದು ಮನೆ ಬಾಡಿಗೆಗೆ ಕೊಟ್ಟಿದ್ದಾನೆ, ತಂಗಿ ಇರುವುದು ಅದರಲ್ಲೇ. ರಜೆಗೆ ಸ್ಪೇನಿಗೆ ಹೋಗುತ್ತಾನೆ. ಆದರೂ ಕೇಳಿದರೆ 'ನಾವು ವರ್ಕಿಂಗ್ ಕ್ಲಾಸ್' ಅಂತ ಎದೆ ಉಬ್ಬಿಸಿ ಹೇಳುತ್ತಾನಂತೆ. ಬಾಡಿಗೆ ಕಟ್ಟುವ ಇವಳಿಗೆ ಮಾತ್ರ 'ನೀನು ಮಿಡ್ಲ್ ಕ್ಲಾಸ್, ಬಿಡು' ಅಂದನಂತೆ. ಯಾವ ಲೆಕ್ಕದಲ್ಲಿ?

ಇನ್ನೊಂದು ಸಲ ಅವನ ಹೆಂಡತಿ 'ಸಂಜೆ ಟೀಗೆ ಬಾ' ಅಂದಿದ್ದಾಳೆ. ಟೀ, ಬಿಸ್ಕತ್ತು ಇರಬಹುದು ಅಂತ ಇವಳು ಹೊಟ್ಟೆ ತುಂಬ ಅನ್ನ ಸಾರು ಉಂಡು ಹೋದಳು. ಅಲ್ಲಿ ನೋಡಿದರೆ ಮೇಜಿನ ಮೇಲೆ ಮಾಂಸ, ಆಲೂಗಡ್ಡೆ, ಪೂರ್ತಿ ಊಟ! ಆ ಕಡೆ ರಾತ್ರಿ ಊಟಕ್ಕೇ ಟೀ ಅನ್ನುತ್ತಾರಂತೆ, ಅದೂ ಕ್ಲಾಸಿನ ಗುರುತಂತೆ.

ಇಲ್ಲಿ ನಮ್ಮ ಕಥೆ ಬೇರೆ. ಅಪ್ಪ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ರಿಟೈರ್ ಆದವರು, ನಾವು ಮಿಡ್ಲ್ ಕ್ಲಾಸ್ ಅಂತಲೇ ಬೆಳೆದದ್ದು. ಪಕ್ಕದ ಮನೆಯವರು ದುಬೈಯಲ್ಲಿ ದುಡಿದು ಬಂದವರು, ಎರಡು ಕಾರು, ಮನೆ ತುಂಬ ಏಸಿ, ಅವರೂ ಮಿಡ್ಲ್ ಕ್ಲಾಸ್. ಬೀಡಿ ಕಟ್ಟುವ ನನ್ನ ಚಿಕ್ಕಮ್ಮ ಸಹ 'ನಮ್ಮಂಥ ಮಿಡ್ಲ್ ಕ್ಲಾಸಿನವರಿಗೆ ಅದೆಲ್ಲ ಎಲ್ಲಿ ಆಗುತ್ತದೆ' ಅನ್ನುತ್ತಾರೆ. ಎಲ್ಲರೂ ನಡುವೆಯೇ ಇದ್ದರೆ ಮೇಲೆ ಯಾರು, ಕೆಳಗೆ ಯಾರು? ಈ ಶಬ್ದಗಳನ್ನು ಇಂಗ್ಲಿಷಿನವರು ನಿಜವಾಗಿ ಹೇಗೆ ಬಳಸುತ್ತಾರೆ ಅಂತ ಯಾರಾದರೂ ಬಿಡಿಸಿ ಹೇಳಿ.

ಹಂಪನಕಟ್ಟೆ ಮೇಷ್ಟ್ರು

ಮೊದಲು ಒಂದು ವಿಷಯ ತಲೆಯಿಂದ ತೆಗೆಯಿರಿ. ಬ್ರಿಟನ್ನಿನಲ್ಲಿ ಕ್ಲಾಸ್ ಅಂದರೆ ಬ್ಯಾಂಕ್ ಬ್ಯಾಲೆನ್ಸ್ ಅಲ್ಲ. ಎಂತ ಕೆಲಸ, ಯಾವ ಶಾಲೆ, ಅಪ್ಪ ಅಮ್ಮ ಎಂತ ಮಾಡುತ್ತಿದ್ದರು, ಬಾಯಿ ಬಿಟ್ಟರೆ ಉಚ್ಚಾರ ಹೇಗೆ ಬರುತ್ತದೆ, ಇದೆಲ್ಲ ಸೇರಿ ಆಗುವುದು. ಹಾಗಾಗಿ ನಿಮ್ಮ ಪ್ಲಂಬರ್ ಸುಳ್ಳು ಹೇಳುತ್ತಿಲ್ಲ.

ಅಲ್ಲಿ ಪತ್ರಿಕೆ ಓದುಗರ ಸಮೀಕ್ಷೆಗೆ ಅಂತ ಮಾಡಿದ ಒಂದು ವಿಂಗಡಣೆ ಉಂಟು, ಎ, ಬಿ, ಸಿ1, ಸಿ2, ಡಿ, ಇ ಅಂತ. ಪೂರ್ತಿ ಕೆಲಸದ ಮೇಲೆ ನಿಂತದ್ದು. ಆಫೀಸಿನಲ್ಲಿ ಕೂತು ಮಾಡುವ ಕ್ಲರ್ಕ್ ಕೆಲಸ, ಸೂಪರ್‌ವೈಸರ್ ಕೆಲಸ ಸಿ1. ಕೈಕಸುಬು ಕಲಿತು ಮಾಡುವ ಕೆಲಸ, ಅಂದರೆ ಪ್ಲಂಬರ್, ಎಲೆಕ್ಟ್ರಿಷಿಯನ್, ಸಿ2. ಅಲ್ಲಿ ಗೆರೆ ಬೀಳುವುದು ಸಿ1 ಮತ್ತು ಸಿ2 ನಡುವೆ. ಎ ಬಿ ಸಿ1 ಸೇರಿದರೆ ಮಿಡ್ಲ್ ಕ್ಲಾಸ್, ಸಿ2 ಡಿ ಇ ಸೇರಿದರೆ ವರ್ಕಿಂಗ್ ಕ್ಲಾಸ್. ಓದಿ ರಿಜಿಸ್ಟರ್ ಆದ ನರ್ಸ್ ಗೆರೆಯ ಮೇಲೆ, ಅವಳಿಗಿಂತ ಜಾಸ್ತಿ ದುಡಿಯುವ ಪ್ಲಂಬರ್ ಗೆರೆಯ ಕೆಳಗೆ. ಅಷ್ಟೇ ಲೆಕ್ಕ. ನಿಮ್ಮ ಅಪ್ಪ ಅಲ್ಲಿ ಹುಟ್ಟಿದ್ದರೂ ಸಿ1, ಅಂದರೆ ಮಿಡ್ಲ್ ಕ್ಲಾಸೇ, ಸ್ವಲ್ಪ ಕೆಳಗಿನ ಮೆಟ್ಟಿಲು.

ಇದರ ಮೇಲೆ ಅಭಿಮಾನದ ಸಂಗತಿ ಬೇರೆ ಉಂಟು. 2016ರಲ್ಲಿ ಬಂದ ಬ್ರಿಟಿಷ್ ಸೋಶಿಯಲ್ ಆಟಿಟ್ಯೂಡ್ಸ್ ಸಮೀಕ್ಷೆಯಲ್ಲಿ ಶೇ. 60 ಜನ ತಮ್ಮನ್ನು ವರ್ಕಿಂಗ್ ಕ್ಲಾಸ್ ಅಂತಲೇ ಕರೆದುಕೊಂಡರು. ಮ್ಯಾನೇಜರ್, ಪ್ರೊಫೆಷನಲ್ ಕೆಲಸದಲ್ಲಿ ಇರುವವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಹಾಗೇ ಅಂದರು. ಅಪ್ಪ ಗಣಿಯಲ್ಲೋ ಮಿಲ್ಲಿನಲ್ಲೋ ದುಡಿದಿದ್ದರೆ ಮಗ ವಕೀಲನಾದರೂ ಆ ಶಬ್ದ ಬಿಡುವುದಿಲ್ಲ. ಅಲ್ಲಿ ಅದು ಮರ್ಯಾದೆಯ ಶಬ್ದ. ನಮ್ಮಲ್ಲಿ ಯಾರಾದರೂ ಮದುವೆ ಬಯೋಡೇಟಾದಲ್ಲಿ 'ವರ್ಕಿಂಗ್ ಕ್ಲಾಸ್ ಫ್ಯಾಮಿಲಿ' ಅಂತ ಬರೆಯುತ್ತಾರಾ?

ಅಪ್ಪರ್ ಕ್ಲಾಸ್ ಅನ್ನುವುದರಲ್ಲಿ ನಮ್ಮ ಹುಡುಗರು ಯಾವಾಗಲೂ ಎಡವುತ್ತಾರೆ. ದುಡ್ಡಿದ್ದವರೆಲ್ಲ ಅಪ್ಪರ್ ಕ್ಲಾಸ್ ಅಂತ ಬರೆದುಬಿಡುತ್ತಾರೆ. ಬ್ರಿಟನ್ನಿನಲ್ಲಿ ಅದು ವಂಶದ ಮಾತು. ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್ ಅಂತ ಐದು ದರ್ಜೆಯ ಬಿರುದು, ಅದರ ಜೊತೆ ತಲೆಮಾರಿನಿಂದ ಬಂದ ಜಮೀನು. ಬಿರುದಿಲ್ಲದೆ ಬರೀ ಜಮೀನಿನ ಗೇಣಿಯಲ್ಲಿ ಬದುಕಿದವರು ಜೆಂಟ್ರಿ. ಅಲ್ಲಿ ದೊಡ್ಡ ಡಾಕ್ಟರು, ಜಡ್ಜು ಎಷ್ಟೇ ಶ್ರೀಮಂತರಾಗಿದ್ದರೂ ಅಪ್ಪರ್ ಮಿಡ್ಲ್ ಕ್ಲಾಸ್, ಅದಕ್ಕಿಂತ ಮೇಲೆ ಹತ್ತಿಸುವುದಿಲ್ಲ. ಮೇಲಕ್ಕೆ ಹೋಗಲು ಹುಟ್ಟಬೇಕು ಅಥವಾ ಮದುವೆಯಾಗಬೇಕು.

ಟೀ ವಿಷಯ ಸರಿಯಾಗಿ ಹೇಳಿದಿರಿ. ಉತ್ತರ ಇಂಗ್ಲೆಂಡಿನ ವರ್ಕಿಂಗ್ ಕ್ಲಾಸ್ ಮನೆಗಳಲ್ಲಿ ಮಧ್ಯಾಹ್ನದ್ದು ಡಿನ್ನರ್, ಸಂಜೆಯದ್ದು ಟೀ. ದಕ್ಷಿಣದ ಮಿಡ್ಲ್ ಕ್ಲಾಸಿಗೆ ಮಧ್ಯಾಹ್ನ ಲಂಚ್, ರಾತ್ರಿ ಡಿನ್ನರ್. ಇದೇ ರೀತಿ 1954ರಲ್ಲಿ ಅಲನ್ ರಾಸ್ ಎಂಬ ಭಾಷಾ ಪ್ರೊಫೆಸರ್ ಒಂದು ಲೇಖನ ಬರೆದು, ಮೇಲಿನವರು ಆಡುವ ಶಬ್ದಗಳಿಗೆ ಯು, ಉಳಿದವರ ಶಬ್ದಗಳಿಗೆ ನಾನ್ ಯು ಅಂತ ಹೆಸರಿಟ್ಟರು. ನ್ಯಾನ್ಸಿ ಮಿಟ್‌ಫರ್ಡ್ ಎಂಬ ಲೇಖಕಿ ಅದನ್ನು ಎತ್ತಿಕೊಂಡ ಮೇಲೆ ಇಡೀ ದೇಶ ತನ್ನ ನಾಲಿಗೆಯನ್ನು ತಾನೇ ನೋಡಿಕೊಳ್ಳಲು ಶುರು ಮಾಡಿತು. ನ್ಯಾಪ್‌ಕಿನ್ ಅಂದರೆ ಮೇಲಿನವರು, ಸರ್ವಿಯೆಟ್ ಅಂದರೆ ಮೇಲಿನವರ ಹಾಗೆ ಕಾಣಲು ಒದ್ದಾಡುವವರು. ಟಾಯ್ಲೆಟ್ ಅನ್ನಬಾರದು, ಲೂ ಅಥವಾ ಲ್ಯಾವಟರಿ ಅನ್ನಬೇಕು. ಕೇಳಿಸದಿದ್ದರೆ ಪಾರ್ಡನ್ ಅನ್ನುವುದು ಕೆಳಗಿನ ಗುರುತು, ಸೀದಾ ವಾಟ್ ಅನ್ನುವುದು ಮೇಲಿನ ಗುರುತು. ನಮ್ಮ ಕಾನ್ವೆಂಟ್‌ಗಳಲ್ಲಿ ವಾಟ್ ಅಂದರೆ ಕಿವಿ ಹಿಂಡಿ ಪಾರ್ಡನ್ ಕಲಿಸಿದರಲ್ಲ, ಅಲ್ಲಿಯ ಡ್ಯೂಕ್ ಕೇಳಿದ್ದರೆ ನಕ್ಕು ಸಾಯುತ್ತಿದ್ದ.

ಅಂದ ಹಾಗೆ ಪಬ್ಲಿಕ್ ಸ್ಕೂಲ್ ಅಂದರೆ ಅಲ್ಲಿ ಸರ್ಕಾರಿ ಶಾಲೆ ಅಲ್ಲ, ಭಾರಿ ಫೀಸಿನ ಹಳೇ ಖಾಸಗಿ ಶಾಲೆ. 1440ರಲ್ಲಿ ಶುರುವಾದ ಈಟನ್ ಅದರಲ್ಲಿ ಒಂದು. ತಂಗಿಗೆ ಹೇಳಿಡಿ, ಮಾತಿನ ಮಧ್ಯೆ ಎಡವಟ್ಟು ಆಗಬಾರದು.

ಬಜ್ಪೆ ಟು ನ್ಯೂಜೆರ್ಸಿ

ಮೇಷ್ಟ್ರು ಹೇಳಿದ್ದು ಬ್ರಿಟನ್ ಕಥೆ. ಅಮೆರಿಕಕ್ಕೆ ಬಂದರೆ ಅದೆಲ್ಲ ಮರೆತುಬಿಡಿ. ಇಲ್ಲಿ ನಮ್ಮ ಊರಿನ ಹಾಗೆಯೇ, ಎಲ್ಲರೂ ಮಿಡ್ಲ್ ಕ್ಲಾಸ್. ಚುನಾವಣೆ ಭಾಷಣ ಕೇಳಿ, ಎರಡೂ ಪಕ್ಷದವರು ಮಿಡ್ಲ್ ಕ್ಲಾಸ್ ಮಿಡ್ಲ್ ಕ್ಲಾಸ್ ಅಂತ ಜಪ ಮಾಡುತ್ತಾರೆ. ಬಡವರು ಅನ್ನಲು ಯಾರಿಗೂ ಇಷ್ಟ ಇಲ್ಲ, ಶ್ರೀಮಂತರು ಅನ್ನಲು ಅದಕ್ಕಿಂತ ಇಷ್ಟ ಇಲ್ಲ. ಪ್ಯೂ ಎಂಬ ಸಂಶೋಧನಾ ಸಂಸ್ಥೆ ಮಾತ್ರ ಒಂದು ಲೆಕ್ಕ ಇಟ್ಟುಕೊಂಡಿದೆ. ದೇಶದ ಮನೆಗಳನ್ನೆಲ್ಲ ಆದಾಯದ ಸಾಲಿನಲ್ಲಿ ನಿಲ್ಲಿಸಿದರೆ ಸರಿ ಮಧ್ಯದ ಮನೆಗೆ ಎಷ್ಟು ಬರುತ್ತದೋ, ಅದರ ಮೂರನೇ ಎರಡು ಭಾಗದಿಂದ ಎರಡು ಪಟ್ಟಿನವರೆಗೆ ಇದ್ದವರು ನಡುವಿನವರು. ಇದು ಶುದ್ಧ ದುಡ್ಡಿನ ಲೆಕ್ಕ.

ವರ್ಕಿಂಗ್ ಕ್ಲಾಸ್ ಅಂತ ಇಲ್ಲಿ ಟೀವಿಯಲ್ಲಿ ಹೇಳಿದರೆ ಹೆಚ್ಚಾಗಿ ನಾಲ್ಕು ವರ್ಷದ ಡಿಗ್ರಿ ಇಲ್ಲದವರು ಅಂತ ಅರ್ಥ. ಕೈ ಕೆಲಸದವರಿಗೆ ಬ್ಲೂ ಕಾಲರ್, ಆಫೀಸಿನವರಿಗೆ ವೈಟ್ ಕಾಲರ್ ಅನ್ನುವುದು ಜಾಸ್ತಿ ಬಳಕೆ. ನರ್ಸ್, ಸೆಕ್ರೆಟರಿ, ಟೀಚರ್ ತರದ ಹೆಂಗಸರೇ ಜಾಸ್ತಿ ಇರುವ ಕೆಲಸಗಳಿಗೆ ಪಿಂಕ್ ಕಾಲರ್ ಅನ್ನುವುದೂ ಉಂಟು, ನನಗಂತೂ ಆ ಶಬ್ದ ಕಂಡರೆ ಆಗುವುದಿಲ್ಲ.

ಸರ್ವೇ ಹುಡುಗಿ

ನಾನು ಕೆಲವು ಕಾಲ ಮಾರ್ಕೆಟ್ ಸರ್ವೇ ಕೆಲಸ ಮಾಡಿದ್ದೆ. ಕದ್ರಿ, ಸುರತ್ಕಲ್, ಮಣಿಪಾಲ ಕಡೆಯೆಲ್ಲ ಮನೆ ಮನೆ ತಿರುಗಿದ್ದು. ಭಾರತದಲ್ಲಿ ಸೋಪು, ಟೀ ಪುಡಿ ಮಾರುವ ಕಂಪನಿಗಳಿಗೆ ನೀವು ಯಾವ ಕ್ಲಾಸ್ ಅಂತ ನಿಮ್ಮನ್ನು ಕೇಳಬೇಕಾಗಿಲ್ಲ. ಅವರ ಹತ್ತಿರ ಎಸ್‌ಇಸಿ (ಸೋಶಿಯೋ ಇಕನಾಮಿಕ್ ಕ್ಲಾಸಿಫಿಕೇಶನ್) ಅಂತ ಒಂದು ಕೋಷ್ಟಕ ಉಂಟು. 2011ರಲ್ಲಿ ಹೊಸದು ಮಾಡಿದ್ದು. ಎರಡೇ ಪ್ರಶ್ನೆ. ಮನೆ ಖರ್ಚಿಗೆ ಯಾರ ದುಡ್ಡು ಜಾಸ್ತಿಯೋ ಅವರು ಎಷ್ಟು ಓದಿದ್ದಾರೆ? 11 ವಸ್ತುಗಳಲ್ಲಿ ಮನೆಯಲ್ಲಿ ಎಷ್ಟು ಉಂಟು? ಕರೆಂಟು, ಫ್ಯಾನು, ಗ್ಯಾಸ್ ಒಲೆ, ಬೈಕು, ಕಲರ್ ಟೀವಿ, ಫ್ರಿಜ್ಜು, ವಾಷಿಂಗ್ ಮೆಷಿನ್, ಕಂಪ್ಯೂಟರ್, ಕಾರು, ಏಸಿ, ಕೊನೆಗೆ ಕೃಷಿ ಜಮೀನು. ಎರಡನ್ನೂ ಕೋಷ್ಟಕದಲ್ಲಿ ಹಿಡಿದು ನೋಡಿದರೆ ಎ1ರಿಂದ ಇ3ವರೆಗೆ 12 ದರ್ಜೆಯಲ್ಲಿ ಒಂದಕ್ಕೆ ಹೋಗಿ ಬೀಳುತ್ತೀರಿ. ಸಂಬಳ ಕೇಳುವುದೇ ಇಲ್ಲ, ಕೇಳಿದರೆ ಯಾರೂ ನಿಜ ಹೇಳುವುದಿಲ್ಲ ಅಂತ ಅವರಿಗೆ ಗೊತ್ತು.

ನಮ್ಮ ಕಡೆ ಇದು ತಮಾಷೆ ಮಾಡುತ್ತಿತ್ತು. ಗಂಡ ಕುವೈತಿನಲ್ಲಿ, ಓದಿದ್ದು ಎಸ್ಸೆಸ್ಸೆಲ್ಸಿ, ಮನೆಯಲ್ಲಿ ಎಲ್ಲ ವಸ್ತು ಉಂಟು. ಹೆಂಡತಿ ಎಂ.ಕಾಂ. ಆದರೆ ಓದಿನ ಲೆಕ್ಕಕ್ಕೆ ಬರುವುದು ಗಂಡನದ್ದು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರಿಗೆ ಡಬಲ್ ಡಿಗ್ರಿ, ಏಸಿ ಇಲ್ಲ, ಕಾರಿಲ್ಲ. ಆ ವಸ್ತುವೆಲ್ಲ ಇಲ್ಲದೆಯೂ ಅವರು ಒಳ್ಳೆ ದರ್ಜೆಯಲ್ಲಿ ಕೂರುತ್ತಿದ್ದರು. ಮತ್ತೆ ಒಂದು ಎಚ್ಚರ. ಮೇಷ್ಟ್ರು ಹೇಳಿದ ಬ್ರಿಟನ್ನಿನ ಸಿ1, ಸಿ2 ಬೇರೆ, ನಮ್ಮ ಕೋಷ್ಟಕದ ಸಿ1, ಸಿ2 ಬೇರೆ. ಹೆಸರು ಒಂದೇ ಅಂತ ಎರಡನ್ನೂ ಕಲಸಿ ಲೇಖನ ಬರೆದವರನ್ನು ನೋಡಿದ್ದೇನೆ.

ಬೆಳ್ಮಣ್ಣು ಅಜ್ಜ

ಮೇಷ್ಟ್ರು ಜೆಂಟ್ರಿ ಅಂದದ್ದು ಓದಿ ಬರೆಯುತ್ತಿದ್ದೇನೆ. ಆ ಶಬ್ದ ಅರ್ಥ ಆಗಲು ನೀವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ, ಯಾವುದಾದರೂ ಗುತ್ತಿನ ಮನೆಯ, ಅಂದರೆ ಹಳೇ ಜಮೀನ್ದಾರರ ಮನೆಯ, ಚಾವಡಿಗೆ ಹೋದರೆ ಸಾಕು. ನಾವು ಒಕ್ಕಲಿನವರು. ನನ್ನ ಅಪ್ಪ ಮಳೆಗಾಲದಲ್ಲಿ ದುಡಿದು ಮುಡಿ ಕಟ್ಟಿ ಧಣಿಗಳ ಅಂಗಳಕ್ಕೆ ಗೇಣಿ ಅಕ್ಕಿ ಹೊತ್ತವರು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಬಂತು, ಡಿಕ್ಲರೇಶನ್ ಹಾಕಿದೆವು, ಭೂ ನ್ಯಾಯ ಮಂಡಳಿಯಲ್ಲಿ ಜಾಗ ನಮ್ಮ ಹೆಸರಿಗೆ ಆಯಿತು. ಉಡುಪಿ, ದಕ್ಷಿಣ ಕನ್ನಡ ಈ ಎರಡು ಜಿಲ್ಲೆಯಲ್ಲಿ (ಆಗ ಒಂದೇ ಜಿಲ್ಲೆ) ಆ ಕಾಯ್ದೆ ನಡೆದ ಹಾಗೆ ಬೇರೆ ಕಡೆ ಕಡಿಮೆ. ನಮ್ಮಲ್ಲಿ ಗೇಣಿದಾರರು ಅಷ್ಟು ಜಾಸ್ತಿ ಇದ್ದರು. ಆಮೇಲೆ ಒಬ್ಬ ತಮ್ಮ ಬೊಂಬಾಯಿ ಹೋಟೆಲಿಗೆ ಹೋದ, ಇನ್ನೊಬ್ಬ ಓದಿ ಬ್ಯಾಂಕ್ ಸೇರಿದ. ಒಂದೇ ತಲೆಮಾರಿನಲ್ಲಿ ನೀವು ಹೇಳುವ ಮಿಡ್ಲ್ ಕ್ಲಾಸ್ ಆದೆವು.

ಧಣಿಗಳ ಮನೆಯ ಗೇಣಿ ನಿಂತುಹೋಯಿತು. ಮಕ್ಕಳು ಬೆಂಗಳೂರು ಸೇರಿದರು. ಚಾವಡಿಯ ಹಂಚು ಬದಲಿಸಲೂ ಅವರಿಗೆ ಕಷ್ಟವಾದ ಕಾಲ ಇತ್ತು. ಆದರೆ ನೇಮದ ದಿವಸ, ಅಂದರೆ ಭೂತಾರಾಧನೆಯ ದಿವಸ, ದೈವ ಮೊದಲು ಕರೆಯುವುದು ಈಗಲೂ ಗುತ್ತಿನವರನ್ನೇ. ನನ್ನ ತಮ್ಮ ಎಷ್ಟು ದುಡ್ಡು ಕೊಟ್ಟು ಚಪ್ಪರ ಹಾಕಿಸಿದರೂ ಆ ಕರೆ ಅವನಿಗೆ ಬರುವುದಿಲ್ಲ. ಮೇಷ್ಟ್ರೇ, ನೀವು ಹೇಳಿದ ಅಪ್ಪರ್ ಕ್ಲಾಸ್ ಇದೇ ಅಲ್ವಾ? ಕಿಸೆ ಖಾಲಿಯಾದರೂ ಮುಂದಿನ ಸಾಲಿನ ಜಾಗ ಹೋಗುವುದಿಲ್ಲ.

ಹೊಸ ದುಡ್ಡಿನವರನ್ನು ಹಳೇ ದುಡ್ಡಿನವರು ಹೀಯಾಳಿಸಲು ಇಂಗ್ಲಿಷಿನವರು ಫ್ರೆಂಚಿನಿಂದ ನೂವೋ ರೀಶ್ ಅಂತ ಸಾಲ ತಂದಿದ್ದಾರಂತೆ. ನಮಗೆ ಸಾಲ ಬೇಡ, ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅಂತ ಗಾದೆಯೇ ಉಂಟು. ಆ ಗಾದೆ ಕಟ್ಟಿದವರು ಕೊಡೆ ಮೊದಲಿನಿಂದ ಇದ್ದವರು ಅಂತ ನನ್ನ ಅನುಮಾನ.

ತೊಕ್ಕೊಟ್ಟು ಕೆಂಬಾವುಟ

ಅಜ್ಜನವರಿಗೆ ನಮಸ್ಕಾರ. ಆದರೆ ಇಡೀ ಚರ್ಚೆ ಉಚ್ಚಾರ, ನ್ಯಾಪ್‌ಕಿನ್ ಅಂತ ಹೋಗುತ್ತಾ ಉಂಟು. ವರ್ಗ ಅಂದರೆ ದುಡಿಮೆಯ ಸಾಧನ ಯಾರ ಕೈಯಲ್ಲಿದೆ ಅನ್ನುವ ಪ್ರಶ್ನೆ. ಕೂಲಿ ಬಿಟ್ಟರೆ ಬೇರೆ ದಾರಿ ಇಲ್ಲದವನು ಪ್ರೋಲಿಟೇರಿಯಟ್. ಹಳೇ ರೋಮಿನಲ್ಲಿ ಆಸ್ತಿಯೇ ಇಲ್ಲದ, ರಾಜ್ಯಕ್ಕೆ ಮಕ್ಕಳನ್ನು ಬಿಟ್ಟು ಬೇರೇನೂ ಕೊಡಲಾಗದ ಜನರಿಗೆ ಇದ್ದ ಹೆಸರು ಅದು. ಈ ಲೆಕ್ಕದಲ್ಲಿ ಲೀಡ್ಸ್‌ನ ಪ್ಲಂಬರ್ ವರ್ಕಿಂಗ್ ಕ್ಲಾಸ್ ಅಲ್ಲವೇ ಅಲ್ಲ. ಸ್ವಂತ ವ್ಯಾನು, ಸ್ವಂತ ಹತ್ಯಾರು, ಮೇಲಿಂದ ಬಾಡಿಗೆ ವಸೂಲಿ, ಅವನು ಪೆಟ್ಟಿ ಬೂರ್ಜ್ವಾ, ಅಂದರೆ ಸಣ್ಣ ಬಂಡವಾಳದ ಮಾಲೀಕ. ಬಾಡಿಗೆ ಕಟ್ಟಿ ನೈಟ್ ಡ್ಯೂಟಿ ಮಾಡುವ ನರ್ಸ್ ತಂಗಿಯೇ ಕಾರ್ಮಿಕಳು. ತಲೆಕೆಳಗಾಯಿತಾ?

ಇನ್ನು ಚಿಕ್ಕಮ್ಮನ ವಿಷಯ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗ ಗೇಟು, ಗಂಟೆ, ಸಂಬಳ ಅಂತ ಫ್ಯಾಕ್ಟರಿ ಕಾರ್ಮಿಕರು ಹುಟ್ಟಿದರು, ಅವರನ್ನು ಗುರುತಿಸುವುದು ಸುಲಭ. ಬೀಡಿಗೆ ಗೇಟೇ ಇಲ್ಲ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು ಮನೆ ಜಗಲಿಯಲ್ಲಿ ಟೀವಿ ನೋಡುತ್ತಾ ಕಟ್ಟುವುದು, ತಿರುಗಿ ಬ್ರಾಂಚಿಗೆ ಕೊಡುವುದು, ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಮನೆಯಲ್ಲೇ ಕೂತು ಮಾಡುವ ಕಾರಣ 'ನಾನೆಂತ ಕೆಲಸಕ್ಕೆ ಹೋಗುವುದಿಲ್ಲ' ಅನ್ನುವ ಹೆಂಗಸರು ಎಷ್ಟೋ ಜನ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರು ಅಂತ ಒಪ್ಪಿತು. ಒಪ್ಪದೆ ಇರುವುದು ಅವರ ಮನೆಯವರೇ. ಅದಕ್ಕೇ ಚಿಕ್ಕಮ್ಮ ಮಿಡ್ಲ್ ಕ್ಲಾಸ್ ಅನ್ನುವುದು.

ಸರ್ವೇ ಹುಡುಗಿ

ಅಣ್ಣ, ಚಿಕ್ಕಮ್ಮ ಹಾಗೆ ಹೇಳುವುದು ವರ್ಗಪ್ರಜ್ಞೆ ಇಲ್ಲದೆ ಅಲ್ಲ. ಬಡವರು ಅಂತ ಬಾಯಿಬಿಟ್ಟು ಹೇಳಲು ಮರ್ಯಾದೆ ಬಿಡುವುದಿಲ್ಲ. ರೇಷನ್ ಕಾರ್ಡ್ ತೋರಿಸುವಾಗ ಬಿಪಿಎಲ್, ನೆಂಟರ ಎದುರು ಮಿಡ್ಲ್ ಕ್ಲಾಸ್. ನನ್ನ ಅಮ್ಮನೂ ಹಾಗೆಯೇ.

ಕೊಣಾಜೆ ಹಾಸ್ಟೆಲ್

ಇಷ್ಟು ಹೊತ್ತು ಯಾರೂ ಜಾತಿ ವಿಷಯ ಎತ್ತಲಿಲ್ಲ, ಅಜ್ಜ ಮಾತ್ರ ಹತ್ತಿರ ಬಂದು ಹೋದರು. ಭಾರತದ ಇಂಗ್ಲಿಷಿನಲ್ಲಿ ಕ್ಲಾಸ್ ಅನ್ನುವ ಶಬ್ದ ಮೊದಲಿನಿಂದಲೂ ಜಾತಿಯ ಮೇಲೆ ಹೊದಿಸಿದ ಬಟ್ಟೆ. 1897ರಲ್ಲಿ ನಮ್ಮ ಮಂಗಳೂರಿನಲ್ಲೇ ಕುದ್ಮುಲ್ ರಂಗರಾಯರು ದಲಿತರ ಶಿಕ್ಷಣಕ್ಕೆ ಅಂತ ಕಟ್ಟಿದ ಸಂಸ್ಥೆಯ ಹೆಸರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಈಗ ಟೌನ್ ಹಾಲಿಗೆ ಅವರ ಹೆಸರಿದೆ, ಎಲ್ಲರಿಗೂ ಗೊತ್ತು. ಆದರೆ ಆ ಇಂಗ್ಲಿಷ್ ಹೆಸರನ್ನು ಇವತ್ತಿನ ಹುಡುಗರ ಎದುರು ಇಟ್ಟರೆ ಮಾನಸಿಕ ಖಿನ್ನತೆಗೆ ಚಿಕಿತ್ಸೆ ಕೊಡುವ ಜಾಗ ಅಂದುಕೊಳ್ಳುತ್ತಾರೆ. ತುಳಿತಕ್ಕೆ ಒಳಗಾದವರು ಅನ್ನುವ ಅರ್ಥ ಆಗ. 1935ರ ಭಾರತ ಸರ್ಕಾರ ಕಾಯ್ದೆ ಬಂದ ಮೇಲೆ ಸರ್ಕಾರಿ ಕಾಗದದಲ್ಲಿ ಅದರ ಜಾಗಕ್ಕೆ ಷೆಡ್ಯೂಲ್ಡ್ ಕಾಸ್ಟ್ಸ್ ಬಂತು.

ಸಂವಿಧಾನದಲ್ಲೂ ಹಾಗೆಯೇ. ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ 'ವರ್ಗಗಳು' ಅಂತ ಬರೆದಿದ್ದಾರೆ, ಪಟ್ಟಿ ತೆಗೆದು ನೋಡಿದರೆ ಇರುವುದು ಜಾತಿಗಳ ಹೆಸರು. ಕರ್ನಾಟಕದಲ್ಲಿ 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗ ಇದೇ ಹಿಂದುಳಿದ ವರ್ಗಗಳ ಆಯೋಗ. ನಿಜವಾದ ಆರ್ಥಿಕ ವರ್ಗದ ಗೆರೆ ಆ ಪಟ್ಟಿಯೊಳಗೆ ಬಂದದ್ದು 1992ರ ಸುಪ್ರೀಂ ಕೋರ್ಟ್ ತೀರ್ಪಿನ ಕ್ರೀಮಿ ಲೇಯರ್‌ನಿಂದ, ಕನ್ನಡದಲ್ಲಿ ಕೆನೆಪದರ, ಅಂದರೆ ಹಿಂದುಳಿದವರಲ್ಲೇ ಅನುಕೂಲಸ್ಥರಾಗಿ ಮೀಸಲಾತಿ ಸಿಗದವರು. 2017ರಿಂದ ಕೇಂದ್ರದಲ್ಲಿ ಅದರ ಆದಾಯದ ಮಿತಿ ವರ್ಷಕ್ಕೆ 8 ಲಕ್ಷ. 2019ರಲ್ಲಿ ಉಳಿದವರಿಗೆ ಆರ್ಥಿಕವಾಗಿ ದುರ್ಬಲ ವರ್ಗ ಅಂತ ಶೇ. 10 ಮೀಸಲಾತಿ ಬಂದಾಗ ಅದಕ್ಕೂ ಮಿತಿ 8 ಲಕ್ಷವೇ. ಅಂದರೆ ಒಂದೇ ಗೆರೆ. ಈ ಕಡೆಯವನು ಅದನ್ನು ದಾಟಿದರೆ ಕೆನೆ, ಆ ಕಡೆಯವನು ಅದರ ಕೆಳಗೆ ಇದ್ದರೆ ದುರ್ಬಲ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಇಬ್ಬರೂ ಮಿಡ್ಲ್ ಕ್ಲಾಸ್ ಅಂತಲೇ ಹೇಳುತ್ತಾರೆ.

ಲೀಡ್ಸ್‌ನ ತಂಗಿಗೆ ಅಲ್ಲಿ ಯಾರಾದರೂ 'ನಿಮ್ಮ ದೇಶದಲ್ಲಿ ನೀನು ಯಾವ ಕ್ಲಾಸ್' ಅಂತ ಕೇಳಿದರೆ, ಅರ್ಧ ಸಲ ಅವರು ಕೇಳುತ್ತಿರುವುದು ಜಾತಿಯನ್ನು. ನೋಡಿಕೊಂಡು ಉತ್ತರ ಕೊಡಲಿ.

ಕಲ್ಯಾಣಪುರದವ

ಎಲ್ಲರಿಗೂ ಥ್ಯಾಂಕ್ಸ್. ಪ್ಲಂಬರ್ ಪೆಟ್ಟಿ ಬೂರ್ಜ್ವಾ ಅಂತ ತಂಗಿಗೆ ಕಳಿಸಿದ್ದೇನೆ, ಬಾಡಿಗೆ ಏರಿಸಿದರೆ ಹೇಳುತ್ತಾಳಂತೆ. ಒಂದು ಉಳಿಯಿತು. ಅವಳ ವಾರ್ಡಿನಲ್ಲಿ ಒಬ್ಬಳನ್ನು ಎಲ್ಲರೂ ಪಾಶ್ ಅನ್ನುತ್ತಾರಂತೆ. ನಮ್ಮಲ್ಲಿ ಪಾಶ್ ಏರಿಯಾ ಅಂದರೆ ಹೊಗಳಿಕೆ. ಅಲ್ಲಿಯೂ ಹಾಗೆಯೇ ಇರಬಹುದಾ?

ಹಂಪನಕಟ್ಟೆ ಮೇಷ್ಟ್ರು

ಇಲ್ಲ. ಅಲ್ಲಿ ಮನುಷ್ಯರಿಗೆ ಪಾಶ್ ಅಂದರೆ ಅರ್ಧ ಗೇಲಿ. ಮೇಲಿನವರ ಉಚ್ಚಾರ, ಮೇಲಿನವರ ನಡವಳಿಕೆ, ನಮ್ಮಂಥವಳಲ್ಲ ಅಂತ. ಹೋಟೆಲಿಗೆ, ಬಟ್ಟೆಗೆ ಹೇಳಿದರೆ ತೊಂದರೆ ಇಲ್ಲ. ಎದುರಿಗೆ ನಿಂತು ನೀನು ಪಾಶ್ ಅಂದರೆ ಕೆಲವರು ನಗುತ್ತಾರೆ, ಕೆಲವರು 'ಅಯ್ಯೋ ನಾನಲ್ಲ' ಅಂತ ಅಜ್ಜಿಯ ಬಡತನದ ಕಥೆ ಶುರು ಮಾಡುತ್ತಾರೆ. ತಂಗಿ ತಾನಾಗಿ ಯಾರಿಗೂ ಆ ಶಬ್ದ ಬಳಸದಿದ್ದರೆ ಒಳ್ಳೆಯದು. ನಿನ್ನ ತರಕಾರಿ ಚೀಲ ನೋಡಿದರೆ ತುಂಬ ಮಿಡ್ಲ್ ಕ್ಲಾಸ್ ಅಂತ ಯಾರಾದರೂ ಅವಳಿಗೆ ಹೇಳಿದರೂ ಅದು ಹೊಗಳಿಕೆ ಅಲ್ಲ, ಕೀಟಲೆ.

ಆ ಶಬ್ದಕ್ಕೆ ಒಂದು ಕಥೆ ಕೇಳಿರಬಹುದು. ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆ ಬರುವ ಪಿ ಅಂಡ್ ಓ ಕಂಪನಿಯ ಹಡಗಿನಲ್ಲಿ ಹೋಗುವಾಗ ಎಡಗಡೆ, ತಿರುಗಿ ಬರುವಾಗ ಬಲಗಡೆ ಬಿಸಿಲು ಕಡಿಮೆ, ಆ ಕಡೆಯ ಕೋಣೆ ಹಿಡಿದ ಶ್ರೀಮಂತರ ಟಿಕೆಟಿನ ಮೇಲೆ ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್ ಅಂತ ಪಿ, ಓ, ಎಸ್, ಎಚ್ ನಾಲ್ಕು ಅಕ್ಷರ ಒತ್ತುತ್ತಿದ್ದರಂತೆ. ಚೆಂದದ ಕಥೆ. ಅಂಥ ಒಂದು ಟಿಕೆಟ್ಟೂ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ. ವಾಟ್ಸಾಪಿನಲ್ಲಿ ಬಂದರೆ ಮುಂದೆ ಕಳಿಸಬೇಡಿ.